ಸಾಲು ನಿಲ್ಲಿಸದ ಅತ್ತಿಗೆ

ನಮ್ಮ ಅತ್ತಿಗೆ ಆಸ್ಪತ್ರೆಯ ಸರ್ವರ್ ಕೋಣೆ ನೋಡಿಕೊಳ್ಳುತ್ತಾರೆ. ನಾನು ಅಲ್ಲೇ ಎಲೆಕ್ಟ್ರಿಷಿಯನ್. ಅಂದು ಬೆಳಿಗ್ಗೆ ಹಳೆಯ ಸರ್ವರ್ ಕಾದು ಕೆಂಡವಾಗಿತ್ತು. ಸರದಿ ಚೀಟಿ, ಔಷಧಿ, ರಕ್ತಪರೀಕ್ಷೆ ಎಂದು ಹನ್ನೊಂದು ಕೆಲಸಗಳು ಅದರೊಳಗೆ ಹನ್ನೊಂದು ಕಂಟೇನರ್‌ಗಳಲ್ಲಿ, ಅಂದರೆ ಬೇರೆ ಬೇರೆ ಡಬ್ಬಿಗಳಲ್ಲಿಟ್ಟಂತೆ ಪ್ರತ್ಯೇಕವಾಗಿ, ಓಡುತ್ತಿದ್ದವು. ಎಲ್ಲವನ್ನೂ ಹೊಸ ಸರ್ವರ್‌ಗೆ ಸಾಗಿಸಬೇಕಿತ್ತು. ಚೀಟಿ ನಿಂತರೆ ಹೊರಗಿನ ಇನ್ನೂರು ರೋಗಿಗಳೂ ನಿಂತಂತೆ.

“ಒಂದ್ಗಂಟೆ ಎಲ್ಲಾ ನಿಲ್ಸಮ್ಮ,” ಎಂದರು ಮ್ಯಾನೇಜರ್.

“ಊಟ ಬಡಿಸ್ತಾನೇ ಒಲೆ ಬದಲಾಯಿಸ್ತೀನಿ ಸಾರ್, ನೋಡ್ತಿರಿ.”

ಹಿಂದೊಮ್ಮೆ ಅವಸರದಲ್ಲಿ ಹಳೆಯದನ್ನು ಮೊದಲೇ ಅಳಿಸಿ, ಹೊಸದು ಓಡದೆ ಅತ್ತಿಗೆ ಅತ್ತಿದ್ದರು. ಈಗ ಒಂದೊಂದನ್ನೇ ಹೊಸ ಸರ್ವರ್‌ನಲ್ಲಿ ಓಡಿಸಿ, ಕೆಲಸ ನಡೆದದ್ದು ಖಾತ್ರಿಯಾದ ಮೇಲೆಯೇ ಹಳೆಯ ಕಂಟೇನರ್ ನಿಲ್ಲಿಸುತ್ತಾರೆ. ಕೌಂಟರ್‌ಗೆ ಹೋಗಿ ನೋಡಿ ಫೋನ್ ಮಾಡುವುದು ನನ್ನ ಪಾಲಿಗೆ ಬಂತು.

“ಅತ್ತಿಗೆ, ಚೀಟಿ ಬಂತು!”

“ಕಣ್ಣಾರೆ ಕಂಡ್ಯಾ, ಯಾರಾದ್ರೂ ಹೇಳಿದ್ರಾ?”

“ಕೈಯಲ್ಲೇ ಹಿಡ್ಕೊಂಡಿದೀನಿ. ಕೊಡಪ್ಪಾ ಅಂತ ಅಜ್ಜಿ ಬೈತಿದಾರೆ!”

ಹನ್ನೊಂದೂ ಹಾಗೆಯೇ ದಾಟಿದವು. ಸಾಲು ಒಮ್ಮೆಯೂ ನಿಲ್ಲಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಇಣುಕಿ, “ಯಾವಾಗ ಶುರು ಮಾಡ್ತೀಯಮ್ಮ?” ಎಂದರು.

ಅತ್ತಿಗೆ ಹಳೆಯ ಸರ್ವರ್‌ನ ಪ್ಲಗ್ ಕಿತ್ತು ಅವರ ಕೈಗಿಟ್ಟರು. ಹೊರಗೆ ಕೌಂಟರ್‌ನವರು ಮುಂದಿನ ಚೀಟಿಯವರನ್ನು ಕರೆಯುತ್ತಿದ್ದರು.