ಅಂಗೈಗೆ ಬಂದ ಸಣ್ಣ ಉಳಿ

ದೆವ್ವ, ಶಕುನ, ಸತ್ತವರ ಸುಳಿವು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ಧಾರವಾಡದ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ನರ್ಸಾಗಿ ಸೇರಿ, ಅಲ್ಲಿಯೇ ಮುಖ್ಯ ಸಿಸ್ಟರ್ ಆಗಿ ನಿವೃತ್ತಳಾದೆ. ಹಳೆಯ ವಾರ್ಡಿನಲ್ಲಿ ಯಾರೋ ಓಡಾಡಿದ ಸದ್ದಾಯಿತೆಂದು ರಾತ್ರಿ ಪಾಳಿಯ ಹುಡುಗಿಯರು ಓಡಿಬಂದರೆ, ಮೊದಲು ಹೋಗಿ ಟ್ರೇ ಜೋಡಿಸಿ ಎನ್ನುತ್ತಿದ್ದೆ. ಈಗ ನಾನು ಹೇಳಹೊರಟಿರುವುದನ್ನು ಅವರಲ್ಲಿ ಯಾರಾದರೂ ಹೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಆದ್ದರಿಂದ ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ತಲೆಯೆತ್ತಿ ನೋಡುವುದಿಲ್ಲ. ಕಣ್ಣು ಗಾಯದ ಮೇಲಿರುತ್ತದೆ, ಕೈ ಮಾತ್ರ ಪಕ್ಕಕ್ಕೆ ಚಾಚುತ್ತದೆ. ಆ ಅಂಗೈಗೆ ಉಪಕರಣದ ಹಿಡಿಯನ್ನು ಪಟ್ಟೆಂದು ತಾಗಿಸಿ ಕೊಡಬೇಕು, ಮೆತ್ತಗೆ ಕೊಟ್ಟರೆ ಜಾರಿ ಬೀಳುತ್ತದೆ. ಇದನ್ನೊಮ್ಮೆ ನಮ್ಮ ಯಜಮಾನರಿಗೆ ವಿವರಿಸಿದ್ದೆ. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರಿಗೆ ಅದು ಬಹಳ ಹಿಡಿಸಿತು. ಒಲೆಯ ಮುಂದೆ ನಿಂತು ನಾನು ಕೈ ಚಾಚಿದರೆ ಸಾಕು, ಸೌಟನ್ನು ಅಂಗೈಗೆ ಪಟ್ಟೆಂದು ಬಡಿದು, "ತಗೋರಿ ಸಿಸ್ಟರ್" ಎನ್ನುವರು. ಒಳ್ಳೆಯ ನರ್ಸು ಡಾಕ್ಟರು ಕೇಳಿದ್ದನ್ನಲ್ಲ, ಬೇಕಾದದ್ದನ್ನು ಕೊಡುತ್ತಾಳೆ ಎಂದೂ ಹೇಳಿಬಿಟ್ಟಿದ್ದೆ. ಅಂದಿನಿಂದ ಉಪ್ಪು ಕೇಳಿದರೆ ಬೆಲ್ಲ ಬರತೊಡಗಿತು.

"ನಾ ಕೇಳಿದ್ದು ಉಪ್ಪು."

"ಕೇಳಿದ್ದು ಉಪ್ಪು ಖರೇರಿ. ಸಾರಿಗೆ ಬೇಕಾಗಿದ್ದು ಇದು."

ರುಚಿ ನೋಡಿದರೆ ಎಷ್ಟೋ ಸಲ ಅವರು ಹೇಳಿದ್ದೇ ಸರಿಯಿರುತ್ತಿತ್ತು. ಅದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ನನ್ನ ಪಾಳಿಗಳ ನಡುವೆ ಇಬ್ಬರೂ ಒಟ್ಟಿಗೆ ಕೂತು ಉಂಡದ್ದು ಕಡಿಮೆ. ನಿವೃತ್ತಿಯಾದ ಮೇಲೆ ಮರಗೆಲಸ ಕಲಿತು ಎರಡು ಮಣೆ ಮಾಡುತ್ತೇನೆ, ಅಕ್ಕಪಕ್ಕ ಕೂತು ಬಿಸಿ ರೊಟ್ಟಿ ತಿನ್ನೋಣ ಎಂದು ಅವರು ಹೇಳುತ್ತಿದ್ದರು. ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬಾರದ ಮನುಷ್ಯ. ನಿವೃತ್ತಿಗೆ ಮೊದಲೇ ತೀರಿಕೊಂಡರು.

ಆಮೇಲೆ ಮಗಳು ನನ್ನನ್ನು ಮಲೇಷ್ಯಾದ ಮೆಲಾಕಾಕ್ಕೆ ಕರೆದುಕೊಂಡು ಬಂದಳು. ಅವಳು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬೆಳಿಗ್ಗೆ ಐದಕ್ಕೆ ಏಳುವ, ಏಳರೊಳಗೆ ಎಲ್ಲ ಮುಗಿಸುವ ನನಗೆ ಉಳಿದ ಹಗಲು ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಹೀಗೆ ನಡೆಯುತ್ತ ಹೋದಾಗ ಹಳೆಯ ಪೇಟೆಯಲ್ಲಿ ಒಬ್ಬ ಚೀನೀ ಮುದುಕನ ಹಳೆ ಸಾಮಾನಿನ ಅಂಗಡಿ ಕಂಡಿತು. ಬುಟ್ಟಿಯೊಂದರಲ್ಲಿ ಉಳಿ, ಗರಗಸ, ಮರದ ಮೈ ಕೆತ್ತಿ ನುಣುಪು ಮಾಡುವ ಹತ್ತರಿ, ಎಲ್ಲವೂ ತುಕ್ಕು ಹಿಡಿದು ಒಂದರ ಮೇಲೊಂದು ಬಿದ್ದಿದ್ದವು. ಉಪಕರಣಗಳನ್ನು ಹಾಗೆ ಇಡುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಬುಟ್ಟಿಯನ್ನೇ ಕೊಂಡುಕೊಂಡೆ. "ಆಂಟಿ, ಯೂ ಕಾರ್ಪೆಂಟರ್ ಆ?" ಎಂದು ಆತ ಕೇಳಿದ. "ನಾಟ್ ಯೆಟ್" ಎಂದೆ.

ತುಕ್ಕು ಉಜ್ಜಿದೆ, ಸಾಣೆ ಹಿಡಿದೆ, ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಈ ಊರಿನ ಸಮುದ್ರದ ಗಾಳಿಗೆ ಅದನ್ನು ದಿನವೂ ಮಾಡಬೇಕು. ಕಾರು ನಿಲ್ಲಿಸುವ ಪೋರ್ಚಿನ ಒಂದು ಕೊನೆಗೆ ಬೆಂಚು ಹಾಕಿಸಿ, ಎದುರು ಕೊನೆಯ ಗೋಡೆಗೆ ಹಲಗೆ ಬಡಿಸಿ, ಅದರ ಮೇಲೆ ಪ್ರತಿಯೊಂದು ಉಪಕರಣದ ಆಕಾರ ಬರೆದು ಅಲ್ಲಲ್ಲೇ ತೂಗುಹಾಕಿದೆ. ಒಂದನ್ನು ತಂದರೆ ಹಿಂದಿನದನ್ನು ತೂಗುಹಾಕಿಯೇ ತರಬೇಕೆಂಬುದು ನನ್ನ ನಿಯಮ. ಉಳಿಯ ಜೊತೆ ಅದನ್ನು ಹೊಡೆಯುವ ಕೊಡತಿಗೆ ಮಾತ್ರ ವಿನಾಯಿತಿ. "ಅಮ್ಮಾ, ಇದು ಕಾರ್ ಪೋರ್ಚೋ, ಥಿಯೇಟರೋ? ಒಳಗೆ ಬರೋಕೆ ಗೌನ್ ಹಾಕ್ಕೋಬೇಕಾ?" ಎಂದು ಮಗಳು ಕೇಳುತ್ತಿದ್ದಳು.

ನಾನು ಮಾಡಬೇಕೆಂದಿದ್ದು ಆ ಎರಡು ಮಣೆಗಳನ್ನೇ. ಅಂಗಡಿಯ ಮುದುಕ ಕೆಡವಿದ ಮನೆಯೊಂದರ ಬಾಗಿಲಿನ ಎರಡು ತುಂಡು ಕೊಟ್ಟಿದ್ದ. ಹೆಚ್ಚಿಗೆ ಅಂಥ ಮರ ಅವನಲ್ಲಿರಲಿಲ್ಲ. ಮೊದಲ ಮಣೆ ಒಂದಿಷ್ಟು ಓರೆಯಾದರೂ ಆಯಿತು. ಎರಡನೆಯದರ ಅಡಿಗೆ ಪಟ್ಟಿ ಕೂರಿಸಲು ಒಂದು ಗಾಡಿ, ಅಂದರೆ ಉದ್ದನೆಯ ತೋಡು, ಕೆತ್ತಿದ್ದೆ, ಇನ್ನೊಂದು ಬಾಕಿಯಿತ್ತು. ಅದು ಮರದ ಅಂಚಿನ ಹತ್ತಿರ. ತುಂಡು ಸೀಳಿದರೆ ಮಣೆ ಒಂದೇ ಉಳಿಯುತ್ತಿತ್ತು. ಒಂಟಿ ಮಣೆ ಇಟ್ಟುಕೊಂಡು ನಾನೇನು ಮಾಡಲಿ?

ಭಾನುವಾರ ಮಧ್ಯಾಹ್ನ. ಮಗಳು, ಅಳಿಯ ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಊಟ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬರಲು ಹೋಗಿದ್ದರು. ಗೇಟಿಗೆ ಬೀಗ ಹಾಕಿತ್ತು, ಮನೆಯಲ್ಲಿ ನಾನೊಬ್ಬಳೇ. ಅಗಲ ಉಳಿಯನ್ನು ಎಡಗೈಯಲ್ಲಿ ಗೆರೆಯ ಮೇಲೆ ನಿಲ್ಲಿಸಿದೆ. ಕಣ್ಣು ತೆಗೆದರೆ ಉಳಿ ಸರಿಯುತ್ತದೆಂದು, ಬಲಗೈಯನ್ನು ಹಿಂದಕ್ಕೆ ಚಾಚಿ "ಕೊಡತಿ" ಎಂದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಅಡಿಗೆಮನೆಯ ಹಳೆಯ ರೂಢಿ ಇರಬೇಕು.

ಅಂಗೈಗೆ ಪಟ್ಟೆಂದು ಮರದ ಹಿಡಿ ಬಡಿಯಿತು. ಬೆರಳು ಮಡಚಿ, ಹೊಡೆಯಲೆಂದು ಕೈಯೆತ್ತಿದೆ. ಹಗುರವಾಗಿತ್ತು. ನೋಡಿದರೆ ಕೊಡತಿಯಲ್ಲ, ಸಣ್ಣ ಉಳಿ.

ತಿರುಗಿದೆ. ಹಗ್ಗದ ಮೇಲೆ ಒಣಗುವ ಬಟ್ಟೆ, ಬಾಗಿಲ ಬಳಿ ನನ್ನ ಚಪ್ಪಲಿ. ಎದುರು ಗೋಡೆಯಲ್ಲಿ ಕೊಡತಿ ತನ್ನ ಜಾಗದಲ್ಲಿ ತೂಗುತ್ತಿತ್ತು. ಸಣ್ಣ ಉಳಿಯ ಆಕಾರ ಬರಿದಾಗಿತ್ತು.

ನನಗೆ ಹೆದರಿಕೆಯಾಗಲಿಲ್ಲ. ಅಗಲ ಉಳಿಯನ್ನು ಪಕ್ಕಕ್ಕಿಟ್ಟು, ಕೈಗೆ ಬಂದದ್ದರಿಂದಲೇ ಸ್ವಲ್ಪ ಸ್ವಲ್ಪವಾಗಿ ಕೆತ್ತಿದೆ. ಅರ್ಧ ಇಳಿಯುವಷ್ಟರಲ್ಲಿ ಕಂಡಿತು: ಒಳಗೆ ಮರದ ಎಳೆ ತಿರುಚಿಕೊಂಡು ಅಂಚಿನ ಕಡೆ ಓಡಿತ್ತು. ಕೊಡತಿಯಿಂದ ಒಂದು ಪೆಟ್ಟು ಹಾಕಿದ್ದರೂ ಸೀಳುತ್ತಿತ್ತು.

ಊಟದ ಪೊಟ್ಟಣ ಬಿಚ್ಚುವಾಗ ಮಗಳು, "ಅಂಗೈ ಯಾಕಮ್ಮಾ ಹೀಗೆ ಕೆಂಪಗಾಗಿದೆ?" ಎಂದಳು. ಕೊಡತಿ ಹಿಡಿದು ಹಾಗಾಯಿತು ಎಂದೆ. ಅದನ್ನು ನಾನು ಅಂದು ಮುಟ್ಟಿಯೇ ಇರಲಿಲ್ಲ.

ನಾನೇ ಎದ್ದುಹೋಗಿ ಉಳಿ ತಂದು ಮರೆತಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬೇರೆಯವರಿಗಾಗಿದ್ದರೆ ನಾನು ಹೇಳುತ್ತಿದ್ದುದೂ ಅದನ್ನೇ. ಆದರೆ ಎದ್ದುಹೋಗಿದ್ದರೆ ಕೊಡತಿಯನ್ನೇ ತರುತ್ತಿದ್ದೆ. ಮರದ ಒಳಗಿನ ಎಳೆ ನನಗೆ ಹೇಗೆ ಗೊತ್ತಿರಬೇಕು? ಇದರಾಚೆಗೆ ನನ್ನ ಬುದ್ಧಿ ಓಡುವುದಿಲ್ಲ.

ಎರಡು ಮಣೆಗಳೂ ನನ್ನ ಕೋಣೆಯಲ್ಲಿವೆ. ಕಳೆದ ವರ್ಷ ಮಗಳು, "ಮಂಡಿ ನೋವು ಅಂತೀಯ, ಒಂದೊಂದಕ್ಕೂ ಎದ್ದು ಹೋಗ್ತೀಯ. ಆ ಹಲಗೇನ ಬೆಂಚಿನ ಪಕ್ಕಕ್ಕೇ ಹಾಕ್ಸೋಣ" ಎಂದಳು.

"ಬ್ಯಾಡವಾ, ಅಲ್ಲೇ ಇರ್ಲಿ" ಎಂದೆ. ನಡೆದಾಡುವುದು ಒಳ್ಳೆಯದೆಂದು ಹಾಗೆ ಹೇಳಿದೆನೆಂದುಕೊಂಡಳು.

ಆ ಭಾನುವಾರದ ನಂತರ ನಾನು ಮತ್ತೆ ಕೈ ಚಾಚಿಲ್ಲ. ಚಾಚಿದ ಕೈ ಬರಿದಾಗಿಯೇ ಉಳಿದರೆ ತಡೆದುಕೊಳ್ಳುವ ಧೈರ್ಯ ನನಗಿಲ್ಲ. ಹಲಗೆ ಮಾತ್ರ ಇನ್ನೂ ಕೈಗೆಟುಕದ ದೂರದಲ್ಲೇ ಇದೆ.