ಮೂರನೆಯ ಕರೆಗೆ ಕಾದು

ದೆವ್ವ, ಶಕುನ, ಕನಸಿನ ಫಲ ಇಂಥ ಮಾತು ಎದ್ದರೆ ನಾನು ಎದ್ದು ಅಡುಗೆಮನೆಗೆ ಹೋಗುವವಳು. ಇವನ್ನೆಲ್ಲ ಎಂದೂ ನಂಬಿದವಳಲ್ಲ. ಆದರೆ ಅಜ್ಜಿ ಕಲಿಸಿದ ಒಂದು ಅಭ್ಯಾಸ ಮಾತ್ರ ಮೈಗೆ ಹತ್ತಿಬಿಟ್ಟಿತ್ತು. ಗುರುತಿಲ್ಲದ ಜಾಗದಲ್ಲಿ ಬೆನ್ನ ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಕೂಡಲೇ ಓಗೊಡಬಾರದು, ತಿರುಗಲೂಬಾರದು. ಮನುಷ್ಯರೇ ಆದರೆ ಮೂರನೆಯ ಸಲವೂ ಕರೆಯುತ್ತಾರೆ ಎನ್ನುತ್ತಿದ್ದರು ಅಜ್ಜಿ. ಮಸ್ಕತ್ತಿನ ಮಾಲ್‌ನಲ್ಲೂ ಹೀಗೆ ಮಾಡಿ, “ಎಂಥ ಜಂಬ ಮಾರಾಯ್ರೆ ನಿಮಗೆ!” ಎಂದು ಬೈಸಿಕೊಂಡದ್ದುಂಟು.

ಲಿಲ್ಲಿ ಬಾಯಿ ಮಸ್ಕತ್ತಿನ ಅಲ್ ಗುಬ್ರಾದಲ್ಲಿ ನಮ್ಮದೇ ಕಟ್ಟಡದವರು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ. ಇಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯಬೇಕು. ಹಾಗಾಗಿ ನಡೆಯುವ ಜಾಗ ಎಲ್ಲಾದರೂ ಸಿಕ್ಕಿದರೆ ನಮಗಿಬ್ಬರಿಗೂ ಸಂಭ್ರಮ. ನಾಲ್ಕು ವರ್ಷದ ಹಿಂದೆ, ದಾಳಿಂಬೆಯ ಕಾಲದ ಒಂದು ಶುಕ್ರವಾರ, ನಮ್ಮ ಯಜಮಾನರು ನಮ್ಮನ್ನು ಜಬಲ್ ಅಖ್ದರ್ ಬೆಟ್ಟಕ್ಕೆ ಕರೆದುಕೊಂಡು ಹೋದರು.

ಬೆಟ್ಟದ ಮೇಲಿನ ಊರಿನಲ್ಲಿ ಬೆಳಿಗ್ಗೆಯೆಲ್ಲ ಅಡ್ಡಾಡಿದೆವು. ಎರಡೂ ಗೋಡೆ ಮುಟ್ಟಿಕೊಂಡು ನಡೆಯಬಹುದಾದ ಓಣಿಗಳು, ಮಸೀದಿಯ ಪಕ್ಕ ತಣ್ಣಗಿನ ನೀರಿನ ತೊಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ತೋಟಗಳು. ತೋಟಗಳಿಗೆ ನೀರು ಹಂಚುವ ಕಿರುಗಾಲುವೆಗೆ ಇಲ್ಲಿ ಫಲಜ್ ಎನ್ನುತ್ತಾರೆ. ಅದರ ಕಟ್ಟೆಯೇ ಪಕ್ಕದ ಹಳ್ಳಿಗೆ ದಾರಿ. ಬುತ್ತಿ ಉಂಡ ಮೇಲೆ ಯಜಮಾನರು ಗಾಡಿಯಲ್ಲಿ ಕಾಲು ಚಾಚಿದರು. ನಾವಿಬ್ಬರು ಆ ದಾರಿ ಹಿಡಿದೆವು.

“ಅಕ್ಕ, ನೀವು ಹೋಗ್ತಾ ಇರಿ. ನಂಗೆ ಈ ದಾಳಿಂಬೆಯ ಫೋಟೋ ತೆಗೀಲಿಕ್ಕುಂಟು,” ಎಂದರು ಲಿಲ್ಲಿ ಬಾಯಿ.

“ನಿಮ್ಮ ಫೋಟೋ ಮುಗಿಯುವಾಗ ಹಣ್ಣು ಕೊಳೆತಿರ್ತದೆ.”

“ನೀವು ನಡೆಯೋದೇ ಬಸುರಿ ಆನೆ ಹಾಗೆ. ಎರಡು ನಿಮಿಷದಲ್ಲಿ ಹಿಡೀತೇನೆ, ಹೋಗಿ ಹೋಗಿ!”

ನಗುತ್ತಲೇ ಮುಂದೆ ಹೋದೆ. ತಿರುವು ದಾಟಿದ ಮೇಲೆ ಒಬ್ಬ ಮುದುಕರು ಕಾಲುವೆಯ ಎಲೆ ತೆಗೆಯುತ್ತಿದ್ದರು. ಅವರಿಗೆ ಸಲಾಂ ಹೇಳಿ ದಾಟುವಷ್ಟರಲ್ಲಿ ಹಿಂದಿನಿಂದ ಹೆಣ್ಣುದನಿಯೊಂದು ಕರೆಯಿತು: “ಚಿಕ್ಕೂ.”

ಅದು ತವರುಮನೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು. ದೊಡ್ಡಕ್ಕ ತೀರಿಕೊಂಡ ಮೇಲೆ ಹಾಗೆ ಕರೆಯುವವರು ಯಾರೂ ಉಳಿದಿಲ್ಲ. ಲಿಲ್ಲಿ ಬಾಯಿಗೆ ಆ ಹೆಸರು ಗೊತ್ತೇ ಇರಲಿಲ್ಲ. ದನಿ ಅಕ್ಕನದೂ ಅಲ್ಲ, ನನಗೆ ಗೊತ್ತಿದ್ದ ಯಾರದೂ ಅಲ್ಲ.

ನಿಂತೆ, ತಿರುಗಲಿಲ್ಲ. ಇನ್ನೊಮ್ಮೆ ಕರೆಯಿತು. ಮುದುಕರು ತಲೆಯೆತ್ತಿ ನನ್ನ ಬೆನ್ನ ಹಿಂದೆ ನೋಡಿ, “ಮೇಡಂ, ಕೋಯಿ ಬುಲಾತಾ ಹೈ,” ಎಂದು ಹರಕು ಹಿಂದಿಯಲ್ಲಿ ಯಾರೋ ಕರೆಯುತ್ತಿರುವುದನ್ನು ತಿಳಿಸಿದರು. ನಾನು ಮೂರನೆಯ ಕರೆಗೆ ಕಾದೆ. ನೀರು ಹರಿಯುವ ಸದ್ದು ಬಿಟ್ಟು ಏನೂ ಕೇಳಲಿಲ್ಲ. “ಮೇರಾ ದೋಸ್ತ್ ಹೈ, ಆಯೇಗಾ,” ಎಂದು, ಗೆಳತಿ ಹಿಂದೆ ಬರುತ್ತಾರೆಂದು ಅವರಿಗೆ ಹೇಳಿ ಮುಂದೆ ನಡೆದೆ.

ಪಕ್ಕದ ಹಳ್ಳಿ ಸೇರಿ ಅಲ್ಲಿಯ ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ಫೋನ್ ಮಾಡಿದರೆ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಆಗ ಹಿಂದಕ್ಕೆ ಓಡಿದೆ. ಲಿಲ್ಲಿ ಬಾಯಿ ಕಾಲುವೆಯ ಕಟ್ಟೆಯಿಂದ ಉರುಳಿ ಎರಡು ಹಂತ ಕೆಳಗಿನ ತೋಟದಲ್ಲಿ ಬಿದ್ದಿದ್ದರು, ಬಿಸಿಲಿನಲ್ಲಿ, ತಲೆಯ ಕೆಳಗೆ ರಕ್ತ. ಆ ಮುದುಕರೇ ನಾಲ್ಕು ಜನರನ್ನು ಕೂಗಿ ಕರೆದು, ಕಂಬಳಿಯಲ್ಲಿ ಮಲಗಿಸಿ ಮೇಲಕ್ಕೆ ತಂದರು. “ಇನ್ನೂ ಬೇಗ ತಂದಿದ್ದರೆ ಚೆನ್ನಾಗಿತ್ತು,” ಎಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು, ಬಲಗೈಯಲ್ಲಿ ಮತ್ತೆ ಶಕ್ತಿ ಬರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋದರು.

ತಲೆಗೆ ಬಿದ್ದ ಏಟಿಗೆ ಆ ಕ್ಷಣವೇ ಪ್ರಜ್ಞೆ ತಪ್ಪಿರಬೇಕು, ಕೂಗುವ ಹಾಗೇ ಇರಲಿಲ್ಲ ಎಂದಿದ್ದರು ಡಾಕ್ಟರು. ಹಾಗಾದರೆ ಕರೆದವರು ಯಾರು? ನನ್ನ ಭ್ರಮೆ ಎನ್ನೋಣವೆಂದರೆ ಮುದುಕರಿಗೂ ಕೇಳಿತ್ತು. ಕಂಬಳಿ ಹಿಡಿದು ಹತ್ತುವಾಗ ಏದುಸಿರಿನಲ್ಲೇ, “ಔರತ್ ಕಾ ಆವಾಜ್, ದೋ ಬಾರ್,” ಎಂದು, ಹೆಣ್ಣುದನಿ ಎರಡು ಸಲ ಕರೆದದ್ದನ್ನು ಅವರಾಗಿಯೇ ಹೇಳಿದ್ದರು. ನಾಲ್ಕು ವರ್ಷದಿಂದ ಇದನ್ನು ಎಷ್ಟು ಬಗೆಯಲ್ಲಿ ತಿರುವಿ ಹಾಕಿದರೂ ನನಗೆ ತಲೆಬುಡ ಸಿಕ್ಕಿಲ್ಲ. ನಿಮಗೆ ಹೊಳೆದರೆ ಹೊಳೆಯಲಿ. ಕರೆದದ್ದು ಏನೇ ಆಗಿರಲಿ, ತಿರುಗಿ ಹತ್ತು ಹೆಜ್ಜೆ ನಡೆದಿದ್ದರೆ ಅವರು ಬಿದ್ದದ್ದು ನನಗೆ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಮಾತು ಬಂದ ದಿನ ಲಿಲ್ಲಿ ಬಾಯಿ ಕೇಳಿದರು: “ಬೀಳುವಾಗ ನಾನು ಕರೆದೆನಾ ಅಕ್ಕ? ಫೋಟೋ ತೆಗೆದದ್ದು ಬಿಟ್ಟರೆ ಒಂದೂ ನೆನಪಿಲ್ಲ.”

“ಇಲ್ಲ ಬಾಯಿ. ನಂಗೇನೂ ಕೇಳಲಿಲ್ಲ,” ಎಂದೆ.

“ಹೌದಲ್ಲ. ಕೇಳಿದ್ರೆ ನೀವು ಓಡಿ ಬರ್ತಿದ್ರಿ.”

ಈಗಲೂ ಭಾನುವಾರ ಚರ್ಚಿನಿಂದ ಬಂದ ಮೇಲೆ ವಿಡಿಯೋ ಕಾಲ್ ಮಾಡುತ್ತಾರೆ. ಪಕ್ಕದಲ್ಲಿ ಯಾರಿದ್ದರೂ ಎಳೆದು ತೋರಿಸಿ, “ನನ್ನನ್ನು ಹುಡುಕಿ ಉಳಿಸಿದ ಅಕ್ಕ ಇವರೇ,” ಎನ್ನುತ್ತಾರೆ. ಎಡಗೈಯಲ್ಲಿ ಹಿಡಿದ ಫೋನು ಅಲುಗಾಡುತ್ತಿರುತ್ತದೆ. ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ. ಆಮೇಲೆ, ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳುತ್ತೇನೆ.