ಅವರೆಕಾಳಿನ ಮುಂದೆ ಗೆಲಾಕ್ಸಿ

“ಅದು ಈಗ್ಲೂ ಅಲ್ಲೇ ಐತಾ? ಅದ್ನ ಯೋಳು ಮೊದ್ಲು,” ಎಂದರು ಪಕ್ಕದ ಮನೆಯ ಜಯಮ್ಮ, ನೆನೆದ ಅವರೆಕಾಳು ಹಿದುಕಿ ಸಿಪ್ಪೆ ಬಿಡಿಸುತ್ತಲೇ.

ಅವರ ಸೊಸೆ ಚೈತ್ರಾ ತಬ್ಬಿಬ್ಬಾದಳು. ದೂರದ ಗೆಲಾಕ್ಸಿಗಳ ಮೇಲೆ ಪಿಎಚ್‌ಡಿ ಸಂಶೋಧನೆ ಮಾಡಿದವಳು. ಮಾರನೇ ದಿನ ಮೈಸೂರಿನಲ್ಲಿ ಪರೀಕ್ಷಕರ ಮುಂದೆ ವೈವಾ. ಜನರೆದುರು ಬಾಯಿ ಕಟ್ಟಿಹೋಗುತ್ತದೆಂಬ ಭಯಕ್ಕೆ, ಚನ್ನರಾಯಪಟ್ಟಣದ ಅವರ ನಡುಮನೆಯಲ್ಲಿ ಕಾಳು ಹಿದುಕಲು ಸೇರಿದ್ದ ನಮ್ಮೆದುರು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದಳು. ನಡುನಡುವೆ ನಿಂತೇಬಿಡುತ್ತಿದ್ದಳು. ಹಾಗೊಮ್ಮೆ ನಿಂತಾಗ ಒಂದು ಗೆಲಾಕ್ಸಿಯ ಫೋಟೋ ತೋರಿಸಿದ್ದಳು; ಅದನ್ನು ನೋಡಿಯೇ ಜಯಮ್ಮ ಹಾಗೆ ಕೇಳಿದ್ದು.

“ಗೊತ್ತಿಲ್ಲ ಅತ್ತೆ. ಬೆಳಕು ಅಲ್ಲಿಂದ ಹೊರಟು ಕೋಟ್ಯಂತರ ವರ್ಷ ಆಗಿದೆ. ನಮಗೆ ಕಾಣ್ತಿರೋದು ಅದರ ಹಳೇ ಮುಖ.”

“ಅಂಗಾರೆ ನನ್ ಮದ್ವೆ ಫೋಟೋ ಇದ್ದಂಗೆ ಕಣವ್ವ. ಅದ್ನ ನೋಡ್ಬುಟ್ಟು ಈಗ್ಲೂ ಅಂಗೇ ಅವ್ಳೆ ಅಂದ್ಕಂಡ್ರೆ ಆಯ್ತದಾ?”

ಚೈತ್ರಾ ಜೋರಾಗಿ ನಕ್ಕಳು. ಹಾಳೆಗಳನ್ನು ಬದಿಗಿಟ್ಟು, ಸೆರಗು ಸಿಕ್ಕಿಸಿ ನಮ್ಮ ಜೊತೆ ಕೂತು ಕಾಳು ಹಿದುಕುತ್ತ, ಇಡೀ ಸಂಶೋಧನೆಯನ್ನು ಕನ್ನಡದಲ್ಲಿ ಹೇಳಿದಳು. ಒಂದು ಕಡೆಯೂ ತಡವರಿಸಲಿಲ್ಲ.

ಮರುದಿನ ಸಂಜೆ ಜಯಮ್ಮ ಕಾಂಪೌಂಡಿನ ಆಚೆಯಿಂದಲೇ, “ಪಾಸಾದ್ಲು ಕಣಮ್ಮ,” ಎಂದು ಕೂಗಿದರು. ಕಾನ್ವೆಂಟಿನಲ್ಲಿ ಎಲ್ಲವನ್ನೂ ಉರುಹೊಡೆದೇ ಕಲಿತವಳು ನಾನು. ಈಗ ನನ್ನ ಮಗಳು ಪಾಠ ಉರುಹೊಡೆಯಲು ಕೂತರೆ, ಪುಸ್ತಕ ಮುಚ್ಚಿಸಿ, “ಜಯಮ್ಮಜ್ಜಿಗೆ ಹೇಳೋ ಹಾಗೆ ಹೇಳು ನೋಡೋಣ,” ಅನ್ನುತ್ತೇನೆ.